ಖರೆ ಮಾತು, ಖರೆ ಮನುಷ್ಯ

ಯಾದಗಿರಿ ಸೀಮೆಯ ಬಳಿಚಕ್ರದಿಂದ ಹಿಡಿದು ಶಹಾಪುರ, ಸುರಪುರದವರೆಗೆ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಒಂದು ಮಾತು ಕಿವಿಗೆ ಬೀಳದೆ ಇರದು. ಅದು ‘ಖರೆ’. ಸುದ್ದಿ ಕೇಳಿದವನು ‘ಖರೇನ?’ ಎನ್ನುತ್ತಾನೆ. ಹೇಳಿದವನು ‘ಖರೇನ ಅದ’ ಎಂದು ಗಟ್ಟಿ ಮಾಡುತ್ತಾನೆ. ಇದೇ ಪದ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ‘ಬರ್ತೀನಿ ಅಂದಾನ ಖರೆ...’ ಎಂದು ಮಾತನ್ನು ಅರ್ಧಕ್ಕೇ ಬಿಟ್ಟರೆ, ಅವನು ಬರುವ ಬಗ್ಗೆ ಹೇಳುವವನಿಗೆ ನಂಬಿಕೆಯಿಲ್ಲ ಎಂದೇ ಅರ್ಥ. ‘ಮಳಿ ಬಂದದ್ದು ಖರೆ, ಬೆಳಿ ಕೈಗೆ ಬರಲಿಲ್ಲ’ ಎನ್ನುವಾಗಲೂ ಹಾಗೆಯೇ. ಆಡಿದ ಮಾತು ನಿಜವೆಂದು ಒಪ್ಪಿಕೊಂಡು, ಅಷ್ಟು ಮಾತ್ರ ಸಾಲದು ಎನ್ನುವುದಕ್ಕೂ ಈ ಭಾಗದ ಜನರಿಗೆ ‘ಖರೆ’ಯೇ ಬೇಕು.

ಶಾಲೆಯ ಪುಸ್ತಕಗಳಲ್ಲಿ ಈ ಪದಕ್ಕೆ ಜಾಗವಿಲ್ಲ. ಅಲ್ಲಿ ‘ಸತ್ಯ’ ಇದೆ, ‘ನಿಜ’ ಇದೆ. ಹೀಗಾಗಿ ಓದಿದವರು ‘ಖರೆ’ಯನ್ನು ಹಳ್ಳಿಯ ಮಾತೆಂದು ಬದಿಗಿಡುವುದುಂಟು. ಮರಾಠಿಯಿಂದ ಬಂದದ್ದು ಎಂದು ತಳ್ಳಿಹಾಕುವವರೂ ಇದ್ದಾರೆ. ಮರಾಠಿ, ಹಿಂದಿ, ದಖನಿ ಮೂರರಲ್ಲೂ ಈ ಪದದ ಬಳಗ ಇರುವುದು ಹೌದು. ಆದರೆ ಕನ್ನಡದಲ್ಲಿ ಸತ್ಯವನ್ನು ಹೇಳುವ ಪದಗಳಿಗೆ ಎಂದೂ ಬರವಿರಲಿಲ್ಲ. ಅಷ್ಟಿದ್ದೂ ಜನ ಇನ್ನೊಂದನ್ನು ಏಕೆ ತೆಗೆದುಕೊಂಡರು? ಆ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಸತ್ಯದಿಂದ ನಮ್ಮ ಹಿರಿಯರು ಏನನ್ನು ಬೇಡುತ್ತಿದ್ದರು ಎಂಬುದು ತಿಳಿಯುತ್ತದೆ.

ನಾಣ್ಯದಿಂದ ಬಂದ ಮಾತು

‘ಖರಾ’ ಎಂದರೆ ಅಪ್ಪಟ, ಬೆರಕೆಯಿಲ್ಲದ್ದು. ಅದರ ಎದುರು ಪದ ‘ಖೋಟಾ’. ಇವೆರಡೂ ಪೇಟೆಯಲ್ಲಿ ಜೋಡಿಯಾಗಿಯೇ ಓಡಾಡಿದ ಮಾತುಗಳು. ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳಿ, ಚಿನ್ನವನ್ನು ಒರೆಗೆ ಹಚ್ಚಿ ಬಣ್ಣ ನೋಡಿ, ಸರಾಫನು ಹೇಳುತ್ತಿದ್ದ ತೀರ್ಪು ಅದು. ಅಂದರೆ ‘ಖರೆ’ ಎಂಬುದು ಕೇವಲ ಹೇಳಿಕೆಯಲ್ಲ, ಪರೀಕ್ಷೆಯ ಫಲ.

ಕಲ್ಯಾಣ ಕರ್ನಾಟಕದ ಸಂತೆಗಳಲ್ಲಿ ಇಂಥ ಪರೀಕ್ಷೆ ದಿನನಿತ್ಯದ ಅಗತ್ಯವಾಗಿತ್ತು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ಈ ನೆಲದಲ್ಲಿ ಬಹಮನಿಗಳು, ಆದಿಲಶಾಹಿಗಳು, ಮೊಗಲರು, ನಿಜಾಮರು ಒಬ್ಬರ ನಂತರ ಒಬ್ಬರು ಆಳಿದರು. ಪ್ರತಿಯೊಬ್ಬರದೂ ಬೇರೆ ನಾಣ್ಯ. ನಿಜಾಮರ ಕಾಲದಲ್ಲಿ ಸುರಪುರ, ಗದ್ವಾಲ, ನಾರಾಯಣಪೇಟೆಯಂಥ ಊರುಗಳಿಗೂ ತಮ್ಮ ತಮ್ಮ ಟಂಕಸಾಲೆಗಳಿದ್ದವು. ಮುಂದೆ ಹೈದರಾಬಾದ್ ಸಂಸ್ಥಾನದ ‘ಹಾಲಿ ಸಿಕ್ಕಾ’ ಒಂದು ಕಡೆ, ಯಂತ್ರದಿಂದ ಅಚ್ಚಾದ ಬ್ರಿಟಿಷರ ‘ಕಲ್ದಾರ್’ ರೂಪಾಯಿ ಇನ್ನೊಂದು ಕಡೆ. ಎರಡೂ ರೂಪಾಯಿಯೇ, ಬೆಲೆ ಮಾತ್ರ ಬೇರೆ. ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೂ ಕೆಲವು ವರ್ಷ ಏಳು ಹಾಲಿ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ಲೆಕ್ಕ ನಡೆದಿತ್ತು. 1959ರಲ್ಲಿ ಹಾಲಿ ಸಿಕ್ಕಾದ ಚಲಾವಣೆ ನಿಂತಿತು. ಇಂಥ ಪೇಟೆಯಲ್ಲಿ ಜೋಳ, ಹತ್ತಿ ಮಾರಲು ಬಂದ ರೈತ ಕೈಗೆ ಬಂದದ್ದನ್ನು ‘ಖರೇನ?’ ಎಂದು ಕೇಳದೆ ಗಂಟು ಕಟ್ಟುವಂತಿರಲಿಲ್ಲ. ನಾಣ್ಯಕ್ಕೆ ಕೇಳುತ್ತಿದ್ದ ಈ ಪ್ರಶ್ನೆ ಮಾತಿಗೂ, ಮಾತಿನಿಂದ ಮನುಷ್ಯನಿಗೂ ಸಂದಿತು. ಈಗಲೂ ‘ಅವ ಖರೆ ಮನುಷ್ಯ’ ಎಂದರೆ, ಅವನು ಹೇಳಿದ್ದೆಲ್ಲ ನಿಜ ಎಂದಷ್ಟೇ ಅರ್ಥವಲ್ಲ. ಒರೆಗೆ ಹಚ್ಚಿದರೂ ಬಣ್ಣಗೆಡದವನು ಎಂದರ್ಥ.

ನನ್ನಿ ಮತ್ತು ನಿಜ

‘ಖರೆ’ಗಿಂತ ಮುಂಚೆ ಕನ್ನಡಕ್ಕೆ ತನ್ನದೇ ಆದ ಪದವೊಂದಿತ್ತು. ಅದು ‘ನನ್ನಿ’. ಹಳಗನ್ನಡ ಓದಿದವರಿಗೆ ಇದು ಪರಿಚಿತ. ಇದಕ್ಕೆ ನಿಘಂಟುಗಳು ಸತ್ಯ ಎಂಬ ಅರ್ಥವನ್ನೂ ಒಲವು, ಪ್ರೀತಿ ಎಂಬ ಅರ್ಥವನ್ನೂ ಕೊಡುತ್ತವೆ. ಸತ್ಯವನ್ನೂ ಪ್ರೀತಿಯನ್ನೂ ಒಂದೇ ಪದದಲ್ಲಿ ಇಟ್ಟ ಭಾಷೆ ನಮ್ಮದು. ನನ್ನಿಯುಳ್ಳವನು ‘ನನ್ನಿಕಾರ’. ತಲಕಾಡಿನ ಗಂಗರಲ್ಲಿ ಎರಡನೆಯ ಬೂತುಗನಿಗೆ ‘ನನ್ನಿಯ ಗಂಗ’ ಎಂಬ ಬಿರುದಿತ್ತು. ಹೊಂಬುಜದ ಸಾಂತರರಲ್ಲಿ ‘ನನ್ನಿ ಶಾಂತರ’ ಎಂಬ ಅರಸನೇ ಇದ್ದ. ಒಂಬತ್ತನೆಯ ಶತಮಾನದಿಂದ ಗಂಗ ಅರಸರು ‘ಸತ್ಯವಾಕ್ಯ’ ಎಂಬ ಬಿರುದನ್ನೂ ಹೊತ್ತರು.

ಯಾದಗಿರಿ ಸೀಮೆಯನ್ನು ಆಳಿದ ಚಾಲುಕ್ಯರಿಗೂ ಸತ್ಯದ ನಂಟು ಹೆಸರಿನಲ್ಲೇ ಇತ್ತು. ಬಾದಾಮಿಯ ಇಮ್ಮಡಿ ಪುಲಕೇಶಿಯ ಬಿರುದು ‘ಸತ್ಯಾಶ್ರಯ’, ಅಂದರೆ ಸತ್ಯಕ್ಕೆ ನೆಲೆಯಾದವನು. ಮೂರೂವರೆ ಶತಮಾನದ ಮೇಲೆ ತಲೆಯೆತ್ತಿದ ಕಲ್ಯಾಣದ ಚಾಲುಕ್ಯರು ತಮ್ಮ ಕುಲವನ್ನೇ ಸತ್ಯಾಶ್ರಯಕುಲ ಎಂದು ಶಾಸನಗಳಲ್ಲಿ ಬರೆಸಿಕೊಂಡರು. ಅವರಲ್ಲಿ ಸತ್ಯಾಶ್ರಯ ಎಂಬ ಹೆಸರಿನ ದೊರೆಯೇ 997ರಿಂದ 1008ರವರೆಗೆ ಆಳಿದ. ರನ್ನನ ‘ಗದಾಯುದ್ಧ’ದ ಭೀಮನಲ್ಲಿ ಕಾಣುವುದು ಇವನನ್ನೇ.

ಅರಸರು ಈ ಬಿರುದನ್ನು ಬಯಸಿದ್ದು ಇತಿಹಾಸವನ್ನು ಇದ್ದಂತೆ ಹೇಳುತ್ತೇವೆ ಎಂಬ ಹೆಮ್ಮೆಗಲ್ಲ. ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂದು ಹೇಳಿಕೊಳ್ಳುವುದಕ್ಕೆ. ದಾನದ ಭೂಮಿಯನ್ನು ತಾನೂ ಕಸಿಯುವುದಿಲ್ಲ, ತನ್ನ ಮುಂದಿನವರೂ ಕಸಿಯಬಾರದು ಎಂಬ ಭರವಸೆಯ ಮೇಲೇ ಶಾಸನ ನಿಂತಿರುತ್ತದೆ. ಅಲ್ಲಿ ಸತ್ಯ ಎಂದರೆ ಆಗಿಹೋದದ್ದರ ವರದಿಯಲ್ಲ, ಮುಂದೆ ನಡೆಯಬೇಕಾದದ್ದಕ್ಕೆ ಹೊಣೆ. ಕನ್ನಡದಲ್ಲಿ ‘ಭಾಷೆ’ ಎಂಬ ಪದಕ್ಕೆ ನುಡಿ ಎಂಬ ಅರ್ಥದ ಜೊತೆಗೆ ವಚನ ಕೊಡುವುದು ಎಂಬ ಅರ್ಥವೂ ಇದೆ. ಗೋವಿನ ಹಾಡಿನ ಪುಣ್ಯಕೋಟಿಯನ್ನು ನೆನೆಸಿಕೊಳ್ಳಿ. ಆ ಹಸು ಹುಲಿಯ ಮುಂದೆ ಯಾವ ಸಂಗತಿಯನ್ನೂ ಸಾಬೀತು ಮಾಡಲಿಲ್ಲ. ಬರುತ್ತೇನೆ ಎಂದು ಹೋಯಿತು, ಕರುವಿಗೆ ಹಾಲೂಡಿಸಿ ಬಂತು. ಮಕ್ಕಳು ಇಂದಿಗೂ ಅದನ್ನು ಸತ್ಯದ ಕಥೆಯೆಂದೇ ಕಲಿಯುತ್ತಾರೆ.

‘ನಿಜ’ದ ಕಥೆ ಇನ್ನೊಂದು ಬಗೆಯದು. ಸಂಸ್ಕೃತದಲ್ಲಿ ‘ನಿಜ’ ಎಂದರೆ ತನ್ನದು, ಹುಟ್ಟಿನೊಂದಿಗೆ ಬಂದದ್ದು ಎಂದಷ್ಟೇ ಅರ್ಥ. ಕನ್ನಡಕ್ಕೂ ತೆಲುಗಿಗೂ ಬಂದಾಗ ಅದು ಸತ್ಯವಾಯಿತು. ತನ್ನತನವೇ ಸತ್ಯ ಎಂಬ ತಿಳಿವು ಈ ಅರ್ಥಪಲ್ಲಟದ ಹಿಂದೆ ಇದ್ದೀತು. ಶಿವಶರಣರ ಮಾತಿನಲ್ಲಿ ಈ ಎರಡು ಅರ್ಥಗಳೂ ಕೂಡಿಯೇ ಇವೆ. ಅವರ ‘ನಿಜೈಕ್ಯ’ ಎಂಬ ಪದವನ್ನು ಸತ್ಯದಲ್ಲಿ ಒಂದಾಗುವುದು ಎಂದೂ, ತನ್ನ ಮೂಲದಲ್ಲಿ ಒಂದಾಗುವುದು ಎಂದೂ ಬಿಡಿಸಬಹುದು.

ತಕ್ಕಡಿಯ ಮೇಲೆ ಸತ್ಯ

ಅರಸನ ಬಿರುದಿನಲ್ಲಿ ಸತ್ಯ ಸುಲಭ. ಇಬ್ಬರು ಎದುರುಬದುರು ನಿಂತು ಹೊಲ ತನ್ನದು ಎಂದಾಗ ಅದನ್ನು ಹುಡುಕುವುದು ಕಷ್ಟ. ಈ ಕಷ್ಟವನ್ನು ಕೂಲಂಕಷವಾಗಿ ಬರೆದಿಟ್ಟವನು ನಮ್ಮ ಭಾಗದವನೇ ಆದ ವಿಜ್ಞಾನೇಶ್ವರ. ಕಲಬುರಗಿ ಜಿಲ್ಲೆಯ ಮರತೂರಿನೊಂದಿಗೆ ಅವನ ಹೆಸರು ಕೂಡಿಕೊಂಡಿದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಮುಂದೆ ದೇಶದ ಬಹುಭಾಗದಲ್ಲಿ ಹಿಂದೂ ಆಸ್ತಿ ಕಾನೂನಿಗೆ ಆಧಾರವಾಯಿತು.

ಆ ಸ್ಮೃತಿಯ ಪ್ರಕಾರ ‘ಪ್ರಮಾಣ’ ಮೂರು: ಬರಹ, ಅನುಭೋಗ, ಸಾಕ್ಷಿ. ಇವು ಯಾವುವೂ ಇಲ್ಲದಾಗ ‘ದಿವ್ಯ’, ಅಂದರೆ ದೈವಪರೀಕ್ಷೆ. ದಿವ್ಯಗಳು ಐದು: ತಕ್ಕಡಿ, ಬೆಂಕಿ, ನೀರು, ವಿಷ, ಕೋಶ. ತಕ್ಕಡಿಯಲ್ಲಿ ಆರೋಪಿಯನ್ನು ಒಮ್ಮೆ ತೂಗಿ, ಪ್ರಾರ್ಥನೆಯಾದ ಮೇಲೆ ಮತ್ತೊಮ್ಮೆ ತೂಗುತ್ತಿದ್ದರು. ಹಗುರಾಗಿ ಮೇಲೆದ್ದರೆ ಅವನು ಶುದ್ಧ. ಕೋಶದಲ್ಲಿ ದೇವರ ಅಭಿಷೇಕದ ನೀರು ಕುಡಿಸುತ್ತಿದ್ದರು. ಹದಿನಾಲ್ಕು ದಿನಗಳೊಳಗೆ ರಾಜನಿಂದಾಗಲಿ ದೈವದಿಂದಾಗಲಿ ಘೋರ ಆಪತ್ತು ಬರದಿದ್ದರೆ ಅವನ ಮಾತು ನಿಜ. ಕಾದ ತುಪ್ಪದಲ್ಲಿ ಕೈಯಿಟ್ಟು ಗೆದ್ದವರ ಸಂಗತಿಗಳು ಕನ್ನಡ ಶಾಸನಗಳಲ್ಲಿಯೂ ಉಂಟು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಈ ಪರೀಕ್ಷೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಬ್ರಾಹ್ಮಣನಿಗೆ ತಕ್ಕಡಿ, ಶೂದ್ರನಿಗೆ ವಿಷ. ಸತ್ಯವನ್ನು ಸಾಬೀತು ಮಾಡಲು ತೆರಬೇಕಾದ ಬೆಲೆಯನ್ನು ಜಾತಿಯೇ ಗೊತ್ತುಮಾಡುತ್ತಿತ್ತು. ಎರಡು, ಸಾಕ್ಷಿ ನಿಜ ಹೇಳಿದರೆ ಒಬ್ಬನ ಪ್ರಾಣ ಹೋಗುವಂತಿದ್ದಾಗ ಅವನು ಸುಳ್ಳು ಹೇಳಬಹುದು ಎಂಬ ವಿನಾಯಿತಿ ಅದೇ ಸ್ಮೃತಿಯಲ್ಲಿದೆ. ಅದನ್ನೂ ವರ್ಣದವರ ಪ್ರಾಣಕ್ಕೆಂದೇ ಹೇಳಲಾಗಿದೆ. ಆಮೇಲೆ ಸರಸ್ವತಿಗೆ ಚರು ಅರ್ಪಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಸುಳ್ಳು ಸುಳ್ಳೇ, ಆದರೆ ಜೀವ ಅದಕ್ಕಿಂತ ದೊಡ್ಡದು ಎಂಬ ಇಕ್ಕಟ್ಟನ್ನು ಶಾಸ್ತ್ರಕಾರರೂ ಬಲ್ಲವರಾಗಿದ್ದರು.

‘ಪ್ರಮಾಣ’ ಎಂಬ ಪದವನ್ನು ಇನ್ನಷ್ಟು ನೋಡೋಣ. ಅದರ ಮೂಲ ಅರ್ಥ ಅಳತೆ. ಅದೇ ಆಧಾರವಾಯಿತು, ಆಮೇಲೆ ಆಣೆಯೂ ಆಯಿತು. ‘ಪ್ರಾಮಾಣಿಕ’ ಎಂದರೆ ಅಳತೆಗೆ ಸರಿಹೊಂದುವವನು. ಈ ಅಳತೆಯನ್ನು ಸಭೆಯಿಂದ ಮನೆಯಂಗಳಕ್ಕೆ ತಂದವರು ಶರಣರು. ಸುರಪುರ ಸೀಮೆಯ ಮುದನೂರು ನೇಕಾರ ದೇವರ ದಾಸಿಮಯ್ಯನ ಊರು. ಕೆಂಭಾವಿ ಭೋಗಣ್ಣನ ಕೆಂಭಾವಿಯೂ ಅದೇ ಸೀಮೆಯದು. ಕೃಷ್ಣೆಯ ಆಚೆ ದಡಕ್ಕೆ, ಲಿಂಗಸುಗೂರು ತಾಲೂಕಿನ ಅಮರೇಶ್ವರಕ್ಕೆ ಸೇರಿದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸದೆ, ಹೆಚ್ಚಾದದ್ದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು ಎಂಬುದು ಪ್ರಸಿದ್ಧ ಕಥೆ. ಮಾರಯ್ಯ ಸುಳ್ಳಾಡಿರಲಿಲ್ಲ, ಕದ್ದಿರಲಿಲ್ಲ. ಆದರೂ ಅಳತೆ ತಪ್ಪಿತ್ತು. ಬೆಂಕಿ, ವಿಷಗಳ ಪರೀಕ್ಷೆಯಿಲ್ಲದೆ, ಜಾತಿ ಕೇಳದೆ, ಹೆಂಡತಿಯೊಬ್ಬಳು ಹೊಸ್ತಿಲಲ್ಲಿ ನಿಂತು ಮಾಡಿದ ಪರೀಕ್ಷೆ ಇದು.

ನಿಯತ್ತು

ಮುಸಲ್ಮಾನ ಅರಸರ ಕಾಲದಲ್ಲಿ ಸತ್ಯದ ಸಂಸಾರಕ್ಕೆ ಇನ್ನಷ್ಟು ಪದಗಳು ಸೇರಿದವು. 1880ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂತು. ಕಚೇರಿಗೆ ಹೋದ ರೈತನಿಗೆ ಸಾಕ್ಷಿದಾರ ‘ಗವಾ’ ಆದ, ಪ್ರಮಾಣ ‘ಹಲಫ್’ ಆಯಿತು. ಇವು ಕಚೇರಿಯ ಮಾತುಗಳಾಗಿಯೇ ಉಳಿದು ಕಚೇರಿಯ ಭಾಷೆ ಬದಲಾದಾಗ ಹಿಂದೆ ಸರಿದವು. ಆದರೆ ‘ಇಮಾನು’, ‘ನಿಯತ್ತು’ ಎಂಬ ಎರಡು ಪದಗಳು ಮನೆಯೊಳಗೆ ಬಂದು ನೆಲೆಸಿದವು.

ಅರಬ್ಬಿಯಲ್ಲಿ ‘ನಿಯ್ಯತ್’ ಎಂದರೆ ಸಂಕಲ್ಪ, ಮನಸ್ಸಿನ ಉದ್ದೇಶ. ಒಳ್ಳೆಯದೋ ಕೆಟ್ಟದೋ ಎಂಬುದು ಅದರಲ್ಲಿಲ್ಲ. ಕನ್ನಡದಲ್ಲಿ ‘ನಿಯತ್ತು’ ಎಂದೊಡನೆ ಅದು ಒಳ್ಳೆಯದೇ. ಉಂಡ ಮನೆಗೆ ಎರಡು ಬಗೆಯದವನು ನಿಯತ್ತಿನವನು. ಮನುಷ್ಯರಿಗಿಂತ ನಾಯಿಗೆ ಈ ಪದವನ್ನು ಹೆಚ್ಚು ಬಳಸುತ್ತೇವೆ ಎಂಬುದು ನಮ್ಮ ಮೇಲಿನ ಟೀಕೆಯೂ ಹೌದು. ಮಾತೇ ಬಾರದ ಪ್ರಾಣಿಗೆ ನಿಯತ್ತುಂಟು ಎನ್ನುವಾಗ, ಸತ್ಯಕ್ಕೆ ಮಾತೇ ಬೇಕಿಲ್ಲ ಎಂಬುದನ್ನು ಜನ ಒಪ್ಪಿದಂತಾಯಿತು.

ಸುರಪುರದ ದೊರೆ ಬಾಯಿಬಿಡದಿದ್ದುದು

ಮಾತಿನ ಸತ್ಯಕ್ಕೂ ಮನುಷ್ಯನ ಸತ್ಯಕ್ಕೂ ಜಗಳ ಬಂದರೆ ಏನಾಗುತ್ತದೆ? ಈ ಪ್ರಶ್ನೆ ಸುರಪುರದಲ್ಲಿ 1858ರಲ್ಲಿ ಎದುರಾಯಿತು.

ಸುರಪುರ ಬೇಡ ನಾಯಕರ ಸಂಸ್ಥಾನ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. 1841ರಲ್ಲಿ ಅಲ್ಲಿಗೆ ಬಂದಿದ್ದ ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿ 1853ರವರೆಗೆ ಆಡಳಿತ ನೋಡಿಕೊಂಡ. ಕಾದಂಬರಿಕಾರನೂ ಆಗಿದ್ದ ಟೇಲರನನ್ನು ಹುಡುಗ ದೊರೆ ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಆ ದಿನಗಳ ಗುರುತು.

1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿತು. 1858ರ ಫೆಬ್ರವರಿಯಲ್ಲಿ ಸುರಪುರದ ಹೊರಗೆ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯದ ಮೇಲೆ ರಾತ್ರಿ ದಾಳಿಯಾಯಿತು. ಮರುದಿನದ ಕಾಳಗದಲ್ಲಿ ಎರಡೂ ಕಡೆ ಸಾವುಗಳಾದವು. ಸೋತ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಇಪ್ಪತ್ತನಾಲ್ಕರ ಆಸುಪಾಸಿನ ಆ ತರುಣನನ್ನು ಕಾಣಲು ಟೇಲರ್ ಸೆರೆಮನೆಗೆ ಬಂದ. ಬೆನ್ನಹಿಂದೆ ಇದ್ದವರು ಯಾರು ಎಂಬುದನ್ನು ತಿಳಿಯಲು ಬ್ರಿಟಿಷರಿಗೆ ಆತುರವಿತ್ತು. ನಿಜ ಹೇಳಿದರೆ ಶಿಕ್ಷೆ ಕಡಿಮೆಯಾದೀತು ಎಂಬ ಆಸೆಯನ್ನೂ ಅವನ ಮುಂದೆ ಇಟ್ಟಿದ್ದಿತು.

1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯಲ್ಲಿ ಕಾಣುವ ದೊರೆ ಜೀವದಾನ ಬೇಡಲು ಒಪ್ಪದವನು. ಸಾಯಬೇಕಾದರೆ ನೇಣಿಗೇರಿ ಸಾಯಲು ಮನಸ್ಸಿಲ್ಲದವನು. 1909ರಲ್ಲಿ ಬಂದ ಸಾವರ್ಕರರ ಪುಸ್ತಕದಲ್ಲಿ ಇದೇ ಪ್ರಸಂಗದಲ್ಲಿ ಅವನು ಜೊತೆಗಾರರ ಹೆಸರು ಹೇಳಲು ಖಂಡಿತವಾಗಿ ನಿರಾಕರಿಸುತ್ತಾನೆ. ನಾಡಿನ ನೆನಪಿನಲ್ಲಿ ನಿಂತದ್ದು ಈ ನಿರಾಕರಣೆಯೇ. ಅವನಿಗೆ ವಿಧಿಸಿದ ಮರಣದಂಡನೆ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಮದ್ರಾಸಿನ ಹತ್ತಿರದ ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಸತ್ತ. ಸುರಪುರ ಸಂಸ್ಥಾನ 1860ರ ಒಪ್ಪಂದದಂತೆ ನಿಜಾಮರ ಪಾಲಾಯಿತು.

ಈ ತರುಣ ಸತ್ಯವಂತನೋ ಅಲ್ಲವೋ? ನ್ಯಾಯಾಲಯದ ಅಳತೆಯಲ್ಲಿ ಅವನು ನಿಜವನ್ನು ಮುಚ್ಚಿಟ್ಟವನು. ತನ್ನನ್ನು ಸಾಕಿದಂತಿದ್ದ ‘ಅಪ್ಪ’ನ ಮುಂದೆಯೂ ಬಾಯಿಬಿಡಲಿಲ್ಲ. ಅದರೊಡನೆ ಇನ್ನೊಂದನ್ನೂ ಹೇಳಬೇಕು: ಅವನು ಸುಳ್ಳು ಹೆಸರುಗಳನ್ನು ಹೇಳಿ ಪಾರಾಗಲೂ ನೋಡಲಿಲ್ಲ. ‘ಸತ್ಯ’ ಎಂಬ ಒಂದೇ ಪದ ನಮ್ಮಲ್ಲಿದ್ದಿದ್ದರೆ ಅವನನ್ನು ಕುರಿತು ಮಾತಾಡುವುದು ಕಷ್ಟವಾಗುತ್ತಿತ್ತು. ನಿಯತ್ತು, ನನ್ನಿ, ಖರೆ ಎಂಬ ಪದಗಳಿರುವುದರಿಂದ ಸುರಪುರದ ಜನರಿಗೆ ಆ ಕಷ್ಟ ಬರಲಿಲ್ಲ. ಮಾತನ್ನು ಮುಚ್ಚಿಟ್ಟರೂ ಮನುಷ್ಯ ಖರೆಯಾಗಿರಬಹುದು ಎಂಬುದು ಅವರಿಗೆ ಗೊತ್ತಿತ್ತು.

ಇದರ ಅಪಾಯವನ್ನೂ ಮರೆಯಲಾಗದು. ನಿಯತ್ತಿನ ಹೆಸರಿನಲ್ಲಿ ಊರ ಗೌಡನ ತಪ್ಪನ್ನು ಮುಚ್ಚಿಟ್ಟವರುಂಟು. ಕುಲದ ಮಾನ ಉಳಿಸಲೆಂದು ಹೆಣ್ಣುಮಗಳ ದೂರನ್ನು ಕಟ್ಟೆಯ ಮೇಲೆಯೇ ಅಡಗಿಸಿದವರುಂಟು. ವೆಂಕಟಪ್ಪ ನಾಯಕನ ಮೌನಕ್ಕೂ ಇವರ ಮೌನಕ್ಕೂ ವ್ಯತ್ಯಾಸವೇನು? ಅವನ ಮೌನದ ಬೆಲೆಯನ್ನು ಅವನೇ ತೆತ್ತ. ಇವರ ಮೌನದ ಬೆಲೆಯನ್ನು ತೆರುವವರು ಬೇರೆಯವರು. ಒರೆಗಲ್ಲು ಇರುವುದು ಇಲ್ಲಿ.

ಇಂದಿನ ಮಾತು

ಇಂದು ದಿವ್ಯಗಳಿಲ್ಲ. 1969ರ ಪ್ರಮಾಣವಚನ ಕಾಯಿದೆಯ ಅಡಿಯಲ್ಲಿ ಸಾಕ್ಷಿಕಟ್ಟೆ ಹತ್ತಿದವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರಿಲ್ಲದೆ ದೃಢೀಕರಿಸಬಹುದು. ಒಬ್ಬನಿಗೆ ತಕ್ಕಡಿ, ಇನ್ನೊಬ್ಬನಿಗೆ ವಿಷ ಎಂಬ ಭೇದ ಕಾನೂನಿನಿಂದ ಹೋಯಿತು. ಇದು ಸಣ್ಣ ಗೆಲುವಲ್ಲ. ಆದರೆ ಪ್ರಮಾಣಪತ್ರ ಇಂದು ಛಾಪಾ ಕಾಗದದ ಮೇಲೆ ಬೆರಳಚ್ಚಾಗಿ, ಓದದೆಯೇ ಸಹಿಯಾಗುವ ವಸ್ತುವಾಗಿದೆ. ಪದ ಉಳಿದಿದೆ, ಅಳತೆ ಸಡಿಲಾಗಿದೆ.

ಇನ್ನೊಂದು ಕಡೆ ಸುದ್ದಿಗಳು ಹಿಂದಿನ ನಾಣ್ಯಗಳಂತೆ ನಾನಾ ಟಂಕಸಾಲೆಗಳಿಂದ ಬಂದು ಕೈಯಲ್ಲಿರುವ ಮೊಬೈಲಿಗೆ ಬೀಳುತ್ತಿವೆ. ಅಪ್ಪಟವಾದದ್ದೂ ಖೋಟಾ ಆದದ್ದೂ ಒಂದೇ ಹೊಳಪಿನಲ್ಲಿವೆ. ಕಲ್ಲಿಗೆ ಬಡಿದು ನಾದ ಕೇಳುವ ಸರಾಫ ಈಗ ಇಲ್ಲ, ಪ್ರತಿಯೊಬ್ಬರೂ ತಮಗೆ ತಾವೇ ಸರಾಫರಾಗಬೇಕು. ಶಾಲೆಯಲ್ಲಿ ಮಗು ‘ಖರೆ’ ಎಂದು ಬರೆದರೆ ಅದನ್ನು ಹೊಡೆದು ‘ನಿಜ’ ಎಂದು ತಿದ್ದುವ ಮೊದಲು ಗುರುಗಳು ಇದನ್ನು ನೆನೆಯಬೇಕು. ‘ನಿಜ’ ಒಂದು ಹೇಳಿಕೆಯನ್ನು ಒಪ್ಪುತ್ತದೆ. ‘ಖರೆ’ ಅದನ್ನು ತೂಗಿ ನೋಡಿದ್ದೀಯಾ ಎಂದು ಕೇಳುತ್ತದೆ. ಎರಡೂ ಪದಗಳು ಮಗುವಿಗೆ ಬೇಕು.

ಬಳಿಚಕ್ರದ ಕಟ್ಟೆಯ ಮೇಲೆ ಸುದ್ದಿ ಹೇಳಿದವನನ್ನು ಕೇಳುವವರು ಇಂದಿಗೂ ಮೊದಲು ‘ಖರೇನ?’ ಎನ್ನುತ್ತಾರೆ. ಹೇಳಿದವನು ಎದ್ದು ಹೋದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ‘ಹೇಳಿದವ ಎಂಥಾ ಮನುಷ್ಯಾ?’ ಸತ್ಯಾಶ್ರಯರು, ವಿಜ್ಞಾನೇಶ್ವರ, ಲಕ್ಕಮ್ಮ, ಸುರಪುರದ ತರುಣ ದೊರೆ ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಉತ್ತರಿಸಲು ಯತ್ನಿಸಿದ್ದು ಈ ಎರಡನೆಯ ಪ್ರಶ್ನೆಗೇ.